ಮೂರು ಕ್ರೇಟ್ ಟೊಮ್ಯಾಟೊ: ಏರಲು ಒಲ್ಲದ ಒಂದು ಸೆಸ್ನಾ ವಿಮಾನದ ಪ್ರಕರಣ

ಭಾವ ಬಂದಿದ್ದು ಒಂದು ಭಾನುವಾರ ಬೆಳಿಗ್ಗೆ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಕೋಲಾರದ ಎಪಿಎಂಸಿಯಲ್ಲಿ ಅವರದು ಟೊಮ್ಯಾಟೊ ಮಂಡಿ. ಅವರ ಕೈಲಿ ಫೋಲ್ಡರ್ ಇದೆ ಅಂದರೆ ಒಳಗೆ ಯಾವುದೋ ಬಾಕಿ ಲೆಕ್ಕ, ಇಲ್ಲವೇ ಲಾರಿ ಬಾಡಿಗೆಯ ಜಗಳ ಅಂತಲೇ ಅರ್ಥ. ಅವತ್ತು ತೆಗೆದು ನೋಡಿದರೆ ಬರೀ ವಿಮಾನದ ಬಿಡಿಭಾಗಗಳ ಜಾಹೀರಾತು. ಚಕ್ರಕ್ಕೆ ಹಾಕುವ ಫೈಬರ್ ಕವಚ, ರೆಕ್ಕೆಯ ಮೇಲೆ ಸಾಲಾಗಿ ಅಂಟಿಸುವ ಪುಟ್ಟ ತಗಡುಗಳು, ಉದ್ದ ಮಾಡಿದ ರೆಕ್ಕೆ ತುದಿ, ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಫ್ಲ್ಯಾಪಿನ ಸಂದು ಮುಚ್ಚುವ ಪಟ್ಟಿ. ಎಲ್ಲದರ ಪಕ್ಕದಲ್ಲೂ ಪೆನ್ಸಿಲಲ್ಲಿ ಡಾಲರ್ ಲೆಕ್ಕ ಬರೆದಿದ್ದರು.

"ಇದರಲ್ಲಿ ಯಾವುದು ಹಾಕಿಸಿದ್ರೆ ವಿಮಾನ ಚೆನ್ನಾಗಿ ಏರುತ್ತೆ, ನೀನೇ ಹೇಳಪ್ಪ."

"ಈಗ ಏರ್ತಾ ಇಲ್ವಾ ಭಾವ?"

"ಏರುತ್ತೆ. ಆದ್ರೆ ನಮ್ಮ ಹಮಾಲಿಗಳು ಸಂಜೆ ಆರು ಗಂಟೆಗೆ ಕೊನೇ ಲಾರಿ ಹತ್ತಿಸ್ತಾರಲ್ಲ, ಹಾಗೆ."

ಅಕ್ಕ ಒಳಗಿನಿಂದ ಕಾಫಿ ತಂದಿಟ್ಟು, "ಆ ವಿಮಾನಕ್ಕೆ ಇನ್ನೂ ದುಡ್ಡು ಸುರೀತಾರಂತೆ, ಕೇಳು" ಅಂದು ಹೋದಳು.

ಹಿನ್ನೆಲೆ ಸ್ವಲ್ಪ ಹೇಳಬೇಕು. ಭಾವ 47ನೇ ವಯಸ್ಸಿಗೆ ಹಾರಲು ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಂಡವರು. ಆಮೇಲೆ ಇಬ್ಬರು ಸ್ನೇಹಿತರ ಜೊತೆ ಸೇರಿ 1978ರ ಮಾಡೆಲಿನ ಒಂದು ಸೆಸ್ನಾ 172ಎನ್ ಕೊಂಡರು. ನಾಲ್ಕು ಸೀಟು, 160 ಹಾರ್ಸ್‌ಪವರಿನ ಲೈಕಮಿಂಗ್ ಎಂಜಿನ್, ಪಿಚ್, ಅಂದರೆ ಅಲಗಿನ ಓರೆ, ಬದಲಾಯಿಸಲಾಗದ ಪ್ರೊಪೆಲ್ಲರ್. 1956ರಿಂದ ತಯಾರಾಗುತ್ತಿರುವ ಈ 172 ವಿಮಾನಗಳು ಜಗತ್ತಿನಲ್ಲಿ 44,000ಕ್ಕೂ ಜಾಸ್ತಿ ಹೊರಬಂದಿವೆ. ಅಂಬಾಸಿಡರ್ ಕಾರಿನಂಥ ಗಾಡಿ. ಅವಸರ ಇಲ್ಲ, ಮೋಸವೂ ಇಲ್ಲ. ನಾನು ಹದಿನೆಂಟು ವರ್ಷ ಸಣ್ಣ ವಿಮಾನಗಳ ಮೇಂಟೆನೆನ್ಸ್ ಮಾಡಿದವನು. ಈಗ ಕೋಲಾರದಲ್ಲೇ ಇದ್ದೇನೆ. ಹಾಗಾಗಿ ಮನೆಯವರ ಮಿಕ್ಸಿಯಿಂದ ಹಿಡಿದು ಭಾವನ ಸೆಸ್ನಾವರೆಗೆ ಎಲ್ಲ ಕಂಪ್ಲೇಂಟೂ ನನಗೇ ಬರುತ್ತೆ.

ಆಗಿದ್ದು ಇಷ್ಟು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೂವರು ಪಾಲುದಾರರೂ ಒಟ್ಟಿಗೆ ಹೊರಟಿದ್ದಾರೆ. ಟ್ಯಾಂಕ್ ಭರ್ತಿ. ರನ್‌ವೇ ಬಿಟ್ಟಿದ್ದು ತಡವಾಗಿ. ಮುಂದಿದ್ದ ತೆಂಗಿನ ತೋಟ ದಾಟುವಾಗ ಮರದ ಗರಿಗಳು ಒಂದೊಂದಾಗಿ ಎಣಿಸುವಷ್ಟು ಹತ್ತಿರ ಕಂಡವಂತೆ. ಆಮೇಲೂ ಎತ್ತರ ತೋರಿಸುವ ಆಲ್ಟಿಮೀಟರಿನ ಮುಳ್ಳು ಸೋಮಾರಿಯ ಹಾಗೆ ತಿರುಗಿದೆ. ಇಳಿದ ಮೇಲೆ ಮೂವರೂ ತುಂಬಾ ಹೊತ್ತು ಮಾತಾಡಿಲ್ಲ. ಮಾರನೇ ದಿನದಿಂದ ಭಾವ ಜಾಹೀರಾತು ನೋಡೋಕೆ ಶುರು ಮಾಡಿದ್ದಾರೆ.

ರನ್‌ವೇ ಹೆಸರು ಇಲ್ಲಿ ಬೇಡ. ನಮ್ಮ ಪ್ರಸ್ಥಭೂಮಿಯ ಮೇಲಿದೆ, ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರ. ಅಷ್ಟು ಗೊತ್ತಿದ್ದರೆ ಸಾಕು.

ಮೊದಲು ವಿಡಿಯೊ

ಹಿಂದಿನ ಸೀಟಿನಲ್ಲಿ ಕೂತಿದ್ದ ಪಾಲುದಾರರು ಫೋನಿನಲ್ಲಿ ವಿಡಿಯೊ ಮಾಡಿದ್ದರು. ಕಿಟಕಿಯಾಚೆಯ ನೋಟ ತೆಗೆಯಲು ಹೋಗಿ ಅರ್ಧ ಹೊತ್ತು ಡ್ಯಾಶ್‌ಬೋರ್ಡೇ ತೆಗೆದಿದ್ದಾರೆ. ನನಗೆ ಅದೇ ಬೇಕಿತ್ತು. ಒಂದು ವಿಮಾನ ಏರುತ್ತಿಲ್ಲ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ಏರುತ್ತಿಲ್ಲ ಅಂತ. "ಸುಮಾರಾಗಿ ಏರ್ತಿತ್ತು" ಅಂದರೆ ಲೆಕ್ಕಕ್ಕೆ ಬರಲ್ಲ.

ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಮುಳ್ಳು 4,000 ಅಡಿಯಿಂದ 5,000ಕ್ಕೆ ಹೋಗಲು 2 ನಿಮಿಷ 50 ಸೆಕೆಂಡ್ ತೆಗೆದುಕೊಂಡಿತ್ತು. ಅಂದರೆ ನಿಮಿಷಕ್ಕೆ 353 ಅಡಿ. ಈ ವಿಮಾನದ ಪುಸ್ತಕದಲ್ಲಿ ಸಮುದ್ರ ಮಟ್ಟದಲ್ಲಿ, ತಂಪು ಹವೆಯಲ್ಲಿ, ಪೂರ್ತಿ ಭಾರದಲ್ಲಿ ನಿಮಿಷಕ್ಕೆ 770 ಅಡಿ ಅಂತಿದೆ. ಭಾವ ಎರಡನ್ನೂ ಪಕ್ಕಪಕ್ಕ ಬರೆದು, "ಅರ್ಧಕ್ಕಿಂತ ಕಮ್ಮಿ, ನೋಡು" ಅಂದರು.

ಇದು ಸರಿಯಾದ ಹೋಲಿಕೆ ಅಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತೆ, ಬಿಸಿಯಾದರೆ ಇನ್ನೂ ತೆಳು. 3,000 ಅಡಿಯಲ್ಲಿ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣತೆ 9 ಡಿಗ್ರಿ. ಅವತ್ತು ನೆಲದ ಮೇಲೆ ಇದ್ದದ್ದು 34. ಪೈಲಟ್‌ಗಳ ಕೈಲೆಕ್ಕ ಏನೆಂದರೆ, ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿ ಸೇರಿಸು. 25 ಡಿಗ್ರಿಗೆ 3,000 ಅಡಿ. ಅಂದರೆ ಚಕ್ರ ನೆಲದ ಮೇಲೆ ಇರುವಾಗಲೇ ವಿಮಾನದ ಪಾಲಿಗೆ ಅದು 6,000 ಅಡಿ ಎತ್ತರ. ಅಲ್ಲಿ ಗಾಳಿ ಸುಮಾರು ಆರನೇ ಒಂದು ಭಾಗ ತೆಳು. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಇಲ್ಲದ 160 ಹಾರ್ಸ್‌ಪವರಿನ ಎಂಜಿನ್ ಅಲ್ಲಿ 130ರ ಆಸುಪಾಸು ಕೊಟ್ಟರೆ ಹೆಚ್ಚು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರ ಪುಟ್ಟ ವಿಮಾನ ಹಂಸ-3ರಲ್ಲಿ ಟರ್ಬೊ ಇರುವ ರೋಟ್ಯಾಕ್ಸ್ 914 ಎಂಜಿನ್ ಹಾಕಿದ್ದು ಸುಮ್ನೆ ಅಲ್ಲ.

ಹಾಗಾಗಿ ಪುಸ್ತಕದ ಹಿಂದಿನ ಪಟ್ಟಿ ತೆಗೆದು 4,500 ಅಡಿ, 30 ಡಿಗ್ರಿಗೆ ಎಷ್ಟು ಅಂತ ನೋಡಿದೆವು. ಸುಮಾರು 490 ಬಂತು. ಹಾಗಾದರೆ ನಿಜವಾದ ಕೊರತೆ ನಿಮಿಷಕ್ಕೆ 135 ಅಡಿ. ಉಳಿದದ್ದಕ್ಕೆ ಎತ್ತರ ಮತ್ತು ಕೋಲಾರದ ಬಿಸಿಲೇ ಕಾರಣ, ಅದಕ್ಕೆ ಯಾವ ಅಂಗಡಿಯಲ್ಲೂ ಕಿಟ್ ಸಿಗಲ್ಲ.

ವಿಡಿಯೊದಲ್ಲಿ ಇನ್ನೊಂದು ಕಂಡಿತು. ಅಷ್ಟು ಎತ್ತರದಲ್ಲಿ ಚೆನ್ನಾಗಿ ಏರಬೇಕಾದರೆ ವೇಗ 70, 71 ನಾಟ್ ಇರಬೇಕು (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.). ಮುಳ್ಳು 63ರಿಂದ 66ರ ನಡುವೆ ಓಲಾಡುತ್ತಿತ್ತು. ಏರುತ್ತಿಲ್ಲ ಅನಿಸಿದಾಗ ಕೈ ತಾನಾಗಿ ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತೆ. ಮೂತಿ ಮೇಲಾಗುತ್ತೆ, ವೇಗ ಇಳಿಯುತ್ತೆ, ಏರಿಕೆ ಇನ್ನೂ ಕಮ್ಮಿಯಾಗುತ್ತೆ. ನಾನು ಬಾಯಿ ಬಿಡಲಿಲ್ಲ. ಭಾವನೇ ಎರಡು ಸಲ ಆ ಜಾಗ ಹಿಂದೆ ಮುಂದೆ ಓಡಿಸಿ ನೋಡಿ, "ಇದು ನಂದು" ಅಂದರು.

ಫೋಲ್ಡರಿನಲ್ಲಿ ಇದ್ದದ್ದು

ಆಮೇಲೆ ಜಾಹೀರಾತುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು. ಮಂಡಿಯವರಿಗೆ ಲೆಕ್ಕ ಹೇಳಬೇಕಾದರೆ ಅವರ ಅಳತೆಯಲ್ಲೇ ಹೇಳಬೇಕು. ಕೋಲಾರದಲ್ಲಿ ಟೊಮ್ಯಾಟೊ ಕ್ರೇಟ್ ಅಂದರೆ 15 ಕೆ.ಜಿ. ಐದು ಕ್ರೇಟನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಹತ್ತಿರ ಹತ್ತಿರ ಒಂದು ಹಾರ್ಸ್‌ಪವರ್. ಈ ವಿಮಾನದ ಗರಿಷ್ಠ ಭಾರ 1,043 ಕೆ.ಜಿ., ಅಂದರೆ ಸುಮಾರು 70 ಕ್ರೇಟ್. ನೇರವಾಗಿ ಹಾರಲು ಬೇಕಾದಷ್ಟು ಶಕ್ತಿ ತೆಗೆದ ಮೇಲೆ ಪ್ರೊಪೆಲ್ಲರಿನಲ್ಲಿ ಎಷ್ಟು ಹಾರ್ಸ್‌ಪವರ್ ಮಿಗುತ್ತೋ, ಅದರಲ್ಲಿ ಮಾತ್ರ ಏರೋದು. ಮಿಕ್ಕಿದ ಒಂದೊಂದು ಹಾರ್ಸ್‌ಪವರಿಗೂ ನಿಮಿಷಕ್ಕೆ 14 ಅಡಿ. ಇದೊಂದು ನೆನಪಿಟ್ಟುಕೊಂಡರೆ ಯಾವ ಬ್ರೋಶರನ್ನೂ ತೂಗಬಹುದು.

ಮುಂದಿನ ಅಂಕಿಗಳು ನಾನು ಕಾಗದದ ಮೇಲೆ ಹಾಕಿದ ಅಂದಾಜು. ಅವತ್ತಿನಂಥ ಮಧ್ಯಾಹ್ನಕ್ಕೆ ಹಾಕಿದ್ದು.

ಚಕ್ರದ ಕವಚ ಮೊದಲು ಬಂತು. ನೋಡೋಕೆ ಅಂದ. ಆದರೆ ಗಾಳಿಯ ಉಜ್ಜಾಟ ಕಡಿಮೆ ಮಾಡುವ ಯಾವ ವಸ್ತುವೂ ವೇಗ ಜಾಸ್ತಿ ಇದ್ದಾಗಲೇ ಫಲ ಕೊಡೋದು. ಈ ಉಜ್ಜಾಟಕ್ಕೆ ತಿನ್ನಿಸುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 110 ನಾಟ್‌ನಲ್ಲಿ ನೇರ ಹೋಗುವಾಗ ಉಳಿಸುವ ಶಕ್ತಿಯ ಮೂರನೇ ಒಂದು ಭಾಗವೂ 72 ನಾಟ್‌ನಲ್ಲಿ ಏರುವಾಗ ಉಳಿಯಲ್ಲ. ಲೆಕ್ಕಕ್ಕೆ 25 ಅಡಿ ಸಿಕ್ಕಿತು. ಕವಚದ ಸ್ವಂತ ತೂಕ ಅದರಲ್ಲಿ ಏಳೆಂಟು ಅಡಿ ತಿಂದಿತು. ಮಳೆಗಾಲದಲ್ಲಿ ಕೆಂಪು ಮಣ್ಣು ಒಳಗೆ ಮೆತ್ತಿಕೊಂಡು ಗಟ್ಟಿಯಾದರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಸ್ಕ್ರೂಡ್ರೈವರ್ ಹಿಡಿದು ಕೆರೆದವನು ನಾನೇ.

ಫ್ಲ್ಯಾಪ್ ಸಂದಿನ ಪಟ್ಟಿ ಒಳ್ಳೆಯದೇ. ಆದರೆ ಕೊಡುವ ಲಾಭ ಸ್ಟಾಪ್‌ವಾಚಿನ ತಪ್ಪಿನೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಮುಂದೆ ಹೋದೆವು.

ಭಾವನ ಮನಸ್ಸು ಇದ್ದದ್ದು ವೋರ್ಟೆಕ್ಸ್ ಜನರೇಟರ್ ಮೇಲೆ. ಹೆಬ್ಬೆರಳಿನ ಉಗುರಿನಷ್ಟು ತಗಡುಗಳು. ರೆಕ್ಕೆಯ ಮುಂಭಾಗದಲ್ಲಿ ಸಾಲಾಗಿ, ಸ್ವಲ್ಪ ಓರೆಯಾಗಿ ಅಂಟಿಸುತ್ತಾರೆ. ಇದರ ಕೆಲಸ ಹೀಗೆ. ಕಾಲುವೆಯಲ್ಲಿ ನೀರು ನಡುವೆ ಜೋರಾಗಿ ಹರಿಯುತ್ತೆ, ದಡದ ಪಕ್ಕ ಸೋಮಾರಿ ಆಗುತ್ತೆ. ಅಲ್ಲಿ ಒಂದು ಕಲ್ಲು ಇಟ್ಟರೆ ಸುಳಿ ಎದ್ದು ನಡುವಿನ ಜೋರು ನೀರು ದಡಕ್ಕೂ ಬರುತ್ತೆ. ರೆಕ್ಕೆಯ ಮೈಗೆ ಅಂಟಿಕೊಂಡ ಸೋಮಾರಿ ಗಾಳಿಗೂ ಈ ತಗಡು ಹಾಗೇ ಚುರುಕು ಮುಟ್ಟಿಸುತ್ತೆ. ಅದರಿಂದ ಗಾಳಿ ರೆಕ್ಕೆ ಬಿಟ್ಟು ಕಿತ್ತುಹೋಗುವುದು ತಡವಾಗುತ್ತೆ, ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗ ಕೆಲವು ನಾಟ್ ಇಳಿಯುತ್ತೆ. ನಿಧಾನವಾಗಿ ಹಾರುವಾಗ ಕೈಗೆ ಭರವಸೆ ಬರುತ್ತೆ.

"ಅಂದ್ರೆ ಬೇಗ ಏಳುತ್ತೆ ಅಲ್ವಾ?"

"ಬೇಗ ಏಳುತ್ತೆ. ಬೇಗ ಏರಲ್ಲ."

ಈ ವ್ಯತ್ಯಾಸವನ್ನು ಜಾಹೀರಾತಿನವರು ಬೇಕೆಂದೇ ಕಲಸಿಡುತ್ತಾರೆ ಅನ್ನೋದು ನನ್ನ ಅನುಮಾನ. ನೆಲ ಬಿಡುವುದು ರೆಕ್ಕೆಯ ವಿಷಯ. ಏರುವುದು ಮಿಕ್ಕಿದ ಶಕ್ತಿಯ ವಿಷಯ. ತಗಡುಗಳು ಒಂದು ಹಾರ್ಸ್‌ಪವರನ್ನೂ ಹುಟ್ಟಿಸಲ್ಲ, ಬದಲಿಗೆ ಚೂರು ಎಳೆತ ಸೇರಿಸುತ್ತವೆ. ಬಿಸಿಲ ಮಧ್ಯಾಹ್ನ ಶಕ್ತಿ ಮಿಗದ ವಿಮಾನವನ್ನು ವೇಗ ಸಾಲದೆ ಇರುವಾಗಲೇ ನೆಲದಿಂದ ಕಿತ್ತರೆ, ಅದು ನೆಲದ ಹತ್ತಿರದ ಗಾಳಿಯ ದಿಂಬಿನ ಮೇಲೆ ಒರಗಿಕೊಂಡು ತೇಲುತ್ತೆ. ತೆಂಗಿನ ತೋಟ ಮಾತ್ರ ಇದ್ದ ಜಾಗದಲ್ಲೇ ಇರುತ್ತೆ. ಸಣ್ಣ ಮಣ್ಣಿನ ಪಟ್ಟಿಯಲ್ಲಿ ಇಳಿಯುವವರಿಗೆ ಅದು ಉಪಕಾರಿ, ಇಲ್ಲ ಅನ್ನಲ್ಲ. ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ಜೊತೆಗೆ, ಆ ತಗಡು ಅಂಟಿಸಿದ ರೆಕ್ಕೆ ಒರೆಸಿ ನೋಡಿ. ಪ್ರತಿ ಅಡಿಗೂ ಬಟ್ಟೆ ಸಿಕ್ಕಿಕೊಳ್ಳುತ್ತೆ, ಬೆರಳೂ ಸಿಕ್ಕಿಕೊಳ್ಳುತ್ತೆ.

ನನಗೆ ನಿಜವಾಗಿ ಆಸಕ್ತಿ ಹುಟ್ಟಿಸಿದ್ದು ರೆಕ್ಕೆಯ ಉದ್ದ. ಏರುವ ವೇಗದಲ್ಲಿ ಈ ವಿಮಾನವನ್ನು ಹಿಂದಕ್ಕೆ ಎಳೆಯುವ ಬಲದಲ್ಲಿ ಹತ್ತಿರ ಹತ್ತಿರ ಅರ್ಧ, ಮೈಗೆ ಉಜ್ಜುವ ಗಾಳಿಯದಲ್ಲ. ಅದು ವಿಮಾನ ತನ್ನನ್ನು ಎತ್ತಿ ಹಿಡಿಯಲು ಗಾಳಿಯನ್ನು ಕೆಳಕ್ಕೆ ತಳ್ಳಿದ್ದಕ್ಕೆ ಕಟ್ಟುವ ಸುಂಕ. ಅಗಲವಾಗಿ ರೆಕ್ಕೆ ಚಾಚಿದರೆ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಬಹುದು, ಸುಂಕ ಇಳಿಯುತ್ತೆ. ಅಂತರಗಂಗೆ ಬೆಟ್ಟದ ಮೇಲೆ ಮಧ್ಯಾಹ್ನ ಸುತ್ತುವ ಹದ್ದುಗಳನ್ನು ನೋಡಿ. ಏರುವಾಗ ರೆಕ್ಕೆ ಪೂರ್ತಿ ಬಿಚ್ಚಿ ತುದಿಯ ಗರಿಗಳನ್ನು ಬೆರಳಿನಂತೆ ಹರಡಿಕೊಂಡಿರುತ್ತವೆ. ಎರಗುವಾಗ ಮಡಚಿಕೊಳ್ಳುತ್ತವೆ.

172ರ ರೆಕ್ಕೆ ತುದಿಯಿಂದ ತುದಿಗೆ 36 ಅಡಿ. ಎರಡೂ ಕಡೆ ಒಂದೊಂದು ಅಡಿ ಸೇರಿಸಿದರೆ ಆ ಸುಂಕ ಹತ್ತನೇ ಒಂದು ಭಾಗ ಕಮ್ಮಿ. ಏರಿಕೆಗೆ ನಿಮಿಷಕ್ಕೆ 30 ಅಡಿಯಷ್ಟು ಲಾಭ. ವಿಮಾನದ ಹೊರಮೈಗೆ ಮಾಡುವ ಬದಲಾವಣೆಗಳಲ್ಲಿ ಏರಿಕೆಗೆ ನೇರವಾಗಿ ಸಂಬಂಧ ಇರುವುದು ಇದೇ. ಆದರೆ ರೆಕ್ಕೆಯ ಬುಡದ ಮೇಲೆ ಬಾಗುವ ಬಲ ಜಾಸ್ತಿ ಆಗುತ್ತೆ. ಅದೇನು ಗ್ರಿಲ್ ಅಂಗಡಿಯಲ್ಲಿ ಬೆಸುಗೆ ಹಾಕಿಸುವ ಕೆಲಸ ಅಲ್ಲ. ಆ ಮಾಡೆಲಿಗೇ ಅನುಮೋದನೆ ಆದ ಎಸ್‌ಟಿಸಿ, ಅಂದರೆ ಮಾರ್ಪಾಡಿನ ಒಪ್ಪಿಗೆ ಪತ್ರ ಇರಬೇಕು, ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಅದನ್ನು ಒಪ್ಪಬೇಕು, ಕಾಗದ ಸರಿಯಾಗಬೇಕು. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಜಾಗವೂ ಆಗಬೇಕು.

ಪ್ರೊಪೆಲ್ಲರ್ ಭಾವನ ಫೋಲ್ಡರಿನಲ್ಲಿ ಇರಲಿಲ್ಲ. ನಾನೇ ಸೇರಿಸಿದೆ. ಇವರ ವಿಮಾನದಲ್ಲಿರುವುದು 57 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಅಷ್ಟು ಮುಂದೆ ಹೋಗುವ ಓರೆ. ದೂರ ಹೋಗಲು ಒಳ್ಳೆಯದು. 53 ಇಂಚಿನದು ಹಾಕಿದರೆ ಟ್ರ್ಯಾಕ್ಟರನ್ನು ಒಂದು ಗೇರ್ ಇಳಿಸಿದ ಹಾಗೆ. ಎಂಜಿನ್ ಜಾಸ್ತಿ ಸುತ್ತುತ್ತೆ, ಜಾಸ್ತಿ ಶಕ್ತಿ ಕೊಡುತ್ತೆ. ಏರಿಕೆಗೆ 60, 70 ಅಡಿ ಸಿಗಬಹುದು. ಬದಲಿಗೆ ನೇರ ಹಾರಾಟದಲ್ಲಿ ನಾಲ್ಕೈದು ನಾಟ್ ಹೋಗುತ್ತೆ. 180 ಹಾರ್ಸ್‌ಪವರಿನ ಎಂಜಿನ್ನೇ ಹಾಕಿಸಿದರೆ 150 ಅಡಿಗೂ ಜಾಸ್ತಿ. ಆ ಖರ್ಚಿನ ಮಾತು ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಹಾಗಾಗಿ ಮುಂದುವರಿಸಲಿಲ್ಲ.

"ಸರಿ, ತೂಕ ಇಳಿಸಿದ್ರೆ?" ಅಂತ ಭಾವ ಕೇಳಿದ್ದು ಎಲ್ಲ ಮುಗಿದ ಮೇಲೆ, ಫೋಲ್ಡರ್ ಮುಚ್ಚುತ್ತಾ.

ಲೆಕ್ಕ ಹಾಕಿದೆ. ಭಾರ ಇಳಿದರೆ ಎತ್ತಬೇಕಾದ್ದು ಕಮ್ಮಿ, ಜೊತೆಗೆ ಆ ಸುಂಕವೂ ಕಮ್ಮಿ. ಎರಡು ಕಡೆ ಲಾಭ. ಒಂದು ಕ್ರೇಟಿಗೆ ನಿಮಿಷಕ್ಕೆ 17 ಅಡಿ ಬಂತು. ಎರಡು ಕ್ರೇಟ್ ಇಳಿಸಿದರೆ ರೆಕ್ಕೆ ಉದ್ದ ಮಾಡಿದಷ್ಟೇ ಲಾಭ. ನಾಲ್ಕು ಕ್ರೇಟ್ ಅಂದರೆ ಹೊಸ ಪ್ರೊಪೆಲ್ಲರ್.

"ನಮ್ಮದರಲ್ಲಿ ಇಳಿಸೋಕೆ ಏನಿದೆ? 1,042 ಇತ್ತು ಅವತ್ತು. ಲಿಮಿಟ್‌ಗಿಂತ ಒಂದು ಕೆ.ಜಿ. ಕಮ್ಮಿ."

ಹೊರಡುವ ಮುಂಚೆ ಬರೆದ ಲೋಡ್ ಶೀಟ್ ಅವರ ಹತ್ತಿರ ಇತ್ತು. ವಿಮಾನ 658, ಪೆಟ್ರೋಲ್ 117, ಮೂವರು ಸೇರಿ 255, ಬ್ಯಾಗು 12. ಒಟ್ಟು 1,042. ಅಚ್ಚುಕಟ್ಟಾಗಿ ಬರೆದಿದ್ದರು. ಇಷ್ಟು ಕರೆಕ್ಟಾಗಿ ಲಿಮಿಟ್‌ಗೆ ಒಂದೇ ಕೆ.ಜಿ. ಕಮ್ಮಿ ಬಂದ ಲೆಕ್ಕ ನೋಡಿದರೆ ನನಗೆ ಯಾವಾಗಲೂ ಕಸಿವಿಸಿ. ಮಂಡಿಯಲ್ಲಿ ಬೆಳೆದವರಿಗೂ ಆಗಬೇಕು.

"ಭಾವ, ಈ 255 ತೂಗಿದ್ದಾ, ಹೇಳಿದ್ದಾ?"

ಉತ್ತರ ಬರಲಿಲ್ಲ.

ತಕ್ಕಡಿ

ಮುಂದಿನ ವಾರ ಮೂವರು ಪಾಲುದಾರರೂ ಮಂಡಿಗೆ ಬಂದರು. ಹರಾಜು ಮುಗಿದಿತ್ತು. ನೆಲದ ಮೇಲೆ ಒಡೆದ ಟೊಮ್ಯಾಟೊ, ಹುಳಿ ವಾಸನೆ, ಮೂಲೆಯಲ್ಲಿ ಖಾಲಿ ಕ್ರೇಟಿನ ಗೋಪುರ. ಎಲೆಕ್ಟ್ರಾನಿಕ್ ತೂಕದ ಯಂತ್ರದ ಮೇಲೆ ಒಬ್ಬೊಬ್ಬರೇ ಹತ್ತಿದರು. ಹಾರುವ ದಿನದ ಬಟ್ಟೆ, ಶೂ, ಜೇಬಿನಲ್ಲಿ ಫೋನು, ಎಲ್ಲ ಇರುವ ಹಾಗೇ. ತೂಕ ಬರೆಯುವ ಹುಡುಗ ಅಭ್ಯಾಸಬಲದಿಂದ ಜೋರಾಗಿ ಕೂಗಿದ. ಶೀಟಿನಲ್ಲಿ 78 ಅಂತಿದ್ದವರು 84. 85 ಅಂತಿದ್ದವರು 90. ಭಾವ 92 ಅಂತ ಬರೆದುಕೊಂಡಿದ್ದರು, 99 ಬಂದರು. ಒಟ್ಟು 273. ಹದಿನೆಂಟು ಕೆ.ಜಿ. ಜಾಸ್ತಿ.

"ಲೈಸೆನ್ಸ್ ಮೆಡಿಕಲ್ ಟೈಮಲ್ಲಿ 92 ಇದ್ದೆ" ಅಂದರು ಭಾವ. ಅದು ಯಾವ ವರ್ಷದ ಮೆಡಿಕಲ್ ಅಂತ ಯಾರೂ ಕೇಳಲಿಲ್ಲ. ಅವತ್ತಿನ ಬ್ಯಾಗನ್ನು ಇದ್ದ ಹಾಗೇ ತರಲು ಹೇಳಿದ್ದೆ. ಒಳಗೆ ನೀರಿನ ಬಾಟಲಿ, ಎರಡು ಹೆಡ್‌ಸೆಟ್, ಪವರ್ ಬ್ಯಾಂಕ್, ಒಂದು ಹಳೆಯ ಮ್ಯಾನುವಲ್, ಇನ್ನೂ ಏನೇನೋ. 12 ಅಲ್ಲ, 19.

ವಿಮಾನವನ್ನು ಮಂಡಿಗೆ ತರುವ ಹಾಗಿಲ್ಲ. ಅದಕ್ಕೆ ಹ್ಯಾಂಗರಿನಲ್ಲೇ ಪ್ರತಿ ಚಕ್ರದ ಕೆಳಗೆ ಒಂದರಂತೆ ಮೂರು ತೂಕದ ಯಂತ್ರ ಇಟ್ಟು, ಅಧಿಕಾರ ಇರುವ ಎಂಜಿನಿಯರ್ ಎದುರಿಗೆ ಮಾಡಿದ್ದು. ಹ್ಯಾಂಗರ್ ಬಾಗಿಲು ಪೂರ್ತಿ ಮುಚ್ಚಬೇಕು. ಸ್ವಲ್ಪ ಗಾಳಿ ಬೀಸಿದರೂ ರೆಕ್ಕೆ ಎತ್ತಿಕೊಳ್ಳುತ್ತೆ, ಅಂಕಿ ಕುಣಿಯುತ್ತೆ. ಪೆಟ್ರೋಲ್ ಬಸಿದಿರಬೇಕು, ಎಂಜಿನ್ ಆಯಿಲ್ ಪೂರ್ತಿ ಇರಬೇಕು, ವಿಮಾನ ಮಟ್ಟವಾಗಿ ನಿಂತಿರಬೇಕು. ನಿಯಮದ ಪ್ರಕಾರ ತೂಗುವ ಮುಂಚೆ ಒಳಗಿನ ಬಿಡಿ ಸಾಮಾನೆಲ್ಲ ತೆಗೆಯಬೇಕು. ನಾನು ಕೇಳಿಕೊಂಡೆ, ಒಂದು ಸಲ ಇದು ದಿನಾ ಹಾರುವ ಸ್ಥಿತಿಯಲ್ಲೇ ನೋಡೋಣ, ಆಮೇಲೆ ತೆಗೆಯೋಣ ಅಂತ.

ಮೂತಿಯ ಚಕ್ರ 196. ಎಡ 243. ಬಲ 242. ಒಟ್ಟು 681.

ಕಾಗದದಲ್ಲಿ 658. ಇಪ್ಪತ್ಮೂರು ಕೆ.ಜಿ. ಎಲ್ಲಿಂದ ಬಂತು ಅಂತ ಹುಡುಕಿದ್ದು ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಸಾಮಾನಿನ ಜಾಗದಲ್ಲಿ ಎಳೆಯುವ ಕಬ್ಬಿಣದ ಸರಳು, ಚಕ್ರಕ್ಕೆ ಕೊಡುವ ಮರದ ಎರಡು ಜೊತೆ ಅಡ್ಡಗಟ್ಟೆ, ಮೂರು ಡಬ್ಬ ಆಯಿಲ್, ವಿಮಾನ ಮುಚ್ಚುವ ಟಾರ್ಪಾಲು, ಯಾರದೋ ಟೂಲ್ ಬ್ಯಾಗು. ಒಟ್ಟು 11 ಕೆ.ಜಿ. ಯಾವ ಕಾಗದದಲ್ಲೂ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಬ್ಯಾಟರಿ ದೀಪ ಬಿಟ್ಟು ನೋಡಿದರೆ, ಎಂದೋ ಕಿತ್ತ ಹಳೆಯ ರೇಡಿಯೊ ಉಪಕರಣದ ವೈರುಗಳ ಗಂಟು, ಅದರ ಬ್ರ್ಯಾಕೆಟ್ಟು, ಹಿಂದುಗಡೆ ಅದರ ಕಬ್ಬಿಣದ ಪೆಟ್ಟಿಗೆ. ಯಂತ್ರ ಹೋಗಿದೆ, ಸಂಸಾರ ಉಳಿದಿದೆ. ಅದನ್ನು ಎಂಜಿನಿಯರ್ ಕಾಗದ ಮಾಡಿ ತೆಗೆಸಿದರು, 4 ಕೆ.ಜಿ. ಉಳಿದ ಎಂಟು ಕೆ.ಜಿ. ಬಣ್ಣ ಮತ್ತು ಸೀಟಿನ ಹೊಸ ಹೊದಿಕೆ ಅಂತ ನನ್ನ ಊಹೆ. ಹಳೇ ಬಣ್ಣ ಕೆರೆಯದೆ ಮೇಲೆ ಹೊಸದು ಹೊಡೆದಿದ್ದು ಬಾಗಿಲಿನ ಅಂಚಿನಲ್ಲಿ ಪದರ ಪದರವಾಗಿ ಕಾಣುತ್ತಿತ್ತು, ಹಳ್ಳಿ ಮನೆ ಗೋಡೆಯ ಸುಣ್ಣದ ಹಾಗೆ. ಕೊನೆಗೆ ಹೊಸ ತೂಕ 666 ಅಂತ ದಾಖಲಾಯಿತು.

ಈಗ ಏಪ್ರಿಲ್ ಮಧ್ಯಾಹ್ನದ ಲೆಕ್ಕ ಮತ್ತೆ ಕೂಡಿಸಿದೆವು. 681, 117, 273, 19. ಒಟ್ಟು 1,090. ಲಿಮಿಟ್‌ಗಿಂತ 47 ಕೆ.ಜಿ. ಜಾಸ್ತಿ.

ಭಾವ ಆ ಅಂಕಿಯನ್ನು ಸುಮಾರು ಹೊತ್ತು ನೋಡಿದರು. ಮಂಡಿಯಲ್ಲಿ ಮೂರು ಕ್ರೇಟ್ ವ್ಯತ್ಯಾಸ ಬಂದರೆ ಅವರು ಇಡೀ ಲಾಟ್ ನಿಲ್ಲಿಸಿ ಮತ್ತೆ ತೂಗಿಸುವ ಮನುಷ್ಯ. "ಮೂರು ಕ್ರೇಟ್" ಅಂದರು. ಆಮೇಲೆ, "ತೆಂಗಿನ ಗರಿ ಎಣಿಸ್ತಿದ್ವಿ" ಅಂದರು. ಅಷ್ಟೇ.

ಅವರಿಗೆ ಅವತ್ತು ಹೇಳಿದ್ದನ್ನು ಇಲ್ಲೂ ಹೇಳಬೇಕು. ಮೂರು ಕ್ರೇಟಿನಿಂದ ಏರಿಕೆ ನಿಮಿಷಕ್ಕೆ 50 ಅಡಿ ಹೋಯಿತು ಅನ್ನುವುದು ಚಿಕ್ಕ ವಿಷಯ. ಲಿಮಿಟ್ ದಾಟಿದ ಮೇಲೆ ಪುಸ್ತಕದ ಒಂದೇ ಒಂದು ಅಂಕಿಯೂ ನಿಮ್ಮದಲ್ಲ. ಸ್ಟಾಲ್ ವೇಗ, ರನ್‌ವೇ ಎಷ್ಟು ಬೇಕು ಅನ್ನುವುದು, ಲ್ಯಾಂಡಿಂಗ್ ಗೇರು ತಡೆಯುವ ಬಲ, ಯಾವುದೂ. ಅಂಥ ವಿಮಾನಕ್ಕೆ ವೋರ್ಟೆಕ್ಸ್ ಜನರೇಟರ್ ಅಂಟಿಸಿ ನೆಲದಿಂದ ಬೇಗ ಎತ್ತಿದ್ದರೆ, ಈ ಬರಹ ಬೇರೆ ಥರ ಇರುತ್ತಿತ್ತು.

ಇನ್ನೂ ಉಳಿದ ಕೊರತೆ

135 ಅಡಿಯಲ್ಲಿ ಐವತ್ತು ಭಾರಕ್ಕೆ ಹೋಯಿತು. ನಿಧಾನದ ವೇಗಕ್ಕೆ ಹದಿನೈದೋ ಇಪ್ಪತ್ತೋ ಅಂತಿಟ್ಟುಕೊಳ್ಳಿ. ಇನ್ನೂ ಅರವತ್ತು ಚಿಲ್ಲರೆ ಲೆಕ್ಕಕ್ಕೆ ಸಿಗಲಿಲ್ಲ. ಅದು ನಿಜಾನಾ ಅಂತ ನೋಡೋಕೆ ಒಂದು ಬೆಳಿಗ್ಗೆ ಸರಿಯಾಗಿ ಅಳೆದೆವು. ಹವೆ ಶಾಂತ, ಆಲ್ಟಿಮೀಟರ್ ಪ್ರಮಾಣಿತ ಗಾಳಿಯೊತ್ತಡವಾದ 1013ಕ್ಕೆ, ವೇಗ 71ಕ್ಕೆ ಕಟ್ಟಿಟ್ಟ ಹಾಗೆ. ವಿಮಾನ, ಮೂವರು, 5 ಕೆ.ಜಿ. ಬ್ಯಾಗು, 82 ಕೆ.ಜಿ. ಪೆಟ್ರೋಲ್. ಒಟ್ಟು 1,026. 4,000ದಿಂದ 5,000ಕ್ಕೆ ಸ್ಟಾಪ್‌ವಾಚ್. ಒಂದು ಸಲ ಪೂರ್ವಕ್ಕೆ, ಒಂದು ಸಲ ಪಶ್ಚಿಮಕ್ಕೆ, ಮತ್ತೆ ಪೂರ್ವಕ್ಕೆ. ಒಂದೇ ದಿಕ್ಕಿನಲ್ಲಿ ಮಾಡಿದರೆ ಎಲ್ಲೋ ಏಳುವ ಗಾಳಿಗೆ ಸಿಕ್ಕಿ ಸುಳ್ಳು ಅಂಕಿ ಬರುತ್ತೆ.

ಸರಾಸರಿ 2 ನಿಮಿಷ 10 ಸೆಕೆಂಡ್. ನಿಮಿಷಕ್ಕೆ 461 ಅಡಿ. ಆ ಉಷ್ಣತೆಗೆ, ಆ ಭಾರಕ್ಕೆ ಪುಸ್ತಕ ಹೇಳುವುದು ಸುಮಾರು 525. ಅರವತ್ತು ಚಿಲ್ಲರೆ ಅಲ್ಲೇ ಕೂತಿತ್ತು.

ಈಗ ಎಂಜಿನ್ ಸರದಿ. ಬ್ರೇಕ್ ಹಿಡಿದು ನಿಂತಲ್ಲೇ ಥ್ರಾಟಲ್ ಪೂರ್ತಿ ಕೊಟ್ಟರೆ ಈ ಮಾಡೆಲ್ ನಿಮಿಷಕ್ಕೆ 2,280ರಿಂದ 2,400 ಸುತ್ತು ತೋರಿಸಬೇಕು. ಡ್ಯಾಶ್‌ಬೋರ್ಡಿನ ಮೀಟರ್ 2,310 ಅಂತು. ಎಲ್ಲ ಸರಿ ಅನ್ನುವ ಹಾಗೆ. ಬೆಳಕಿನಿಂದ ಅಳೆಯುವ ಮೀಟರ್ ಹಿಡಿದು ಪ್ರೊಪೆಲ್ಲರ್ ನೋಡಿದರೆ 2,250. ಡ್ಯಾಶ್‌ಬೋರ್ಡಿನದು ಅರವತ್ತು ಸುತ್ತು ಬಡಾಯಿ ಹೇಳುತ್ತಿತ್ತು. ನಾಲ್ಕು ದಶಕದ ಮೀಟರು, ಬೈದು ಪ್ರಯೋಜನ ಇಲ್ಲ.

ಸುಳಿವು ಸಿಕ್ಕಿದ್ದು ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟದಂತೆ ಬಿಸಿ ಗಾಳಿ ಬಿಡುವ ಗುಬುಟು, ಕಾರ್ಬ್ಯುರೇಟರ್ ಹೀಟ್ ಎಳೆದಾಗ. ಅದನ್ನು ಎಳೆದರೆ ಬಿಸಿ ಗಾಳಿ ಒಳಗೆ ಹೋಗಿ ಸುತ್ತು ಚೆನ್ನಾಗಿಯೇ ಇಳಿಯಬೇಕು. ಇದರಲ್ಲಿ ನೆಪಕ್ಕೆ ಇಳಿಯಿತು. ಅಂದರೆ ಎಳೆಯದೆ ಇದ್ದಾಗಲೂ ಬಿಸಿ ಗಾಳಿ ಸೇರುತ್ತಿದೆ. ಎಂಜಿನ್ನಿಗೆ ಗಾಳಿ ಹೋಗುವ ಏರ್‌ಬಾಕ್ಸ್ ಬಿಚ್ಚಿದರೆ ಒಳಗಿನ ಕದದ ಅಂಚಿನ ಸೀಲ್ ಸವೆದು, ಒಂದು ಕಡೆ ಬೆರಳಿನ ಉಗುರು ತೂರುವಷ್ಟು ಸಂದು. ಸೈಲೆನ್ಸರಿನ ಸುತ್ತ ಕಾದ ಗಾಳಿ ಆ ಸಂದಿನಿಂದ ಸದಾ ಸೋರಿ ಎಂಜಿನ್ ಸೇರುತ್ತಿತ್ತು. ಏಪ್ರಿಲ್ ಬಿಸಿಲು ಸಾಲದು ಅಂತ ಒಳಗೇ ಇನ್ನೊಂದು ಏಪ್ರಿಲ್. ಸೀಲ್ ಬದಲಾಯಿಸಿದ ಮೇಲೆ ಬೆಳಕಿನ ಮೀಟರಿನಲ್ಲಿ 2,290 ಬಂತು. ಮಿತಿಯ ಕೆಳ ಅಂಚಿನಲ್ಲಿ, ಆದರೂ ಮಿತಿಯೊಳಗೆ.

ಮತ್ತೆ ಅದೇ ಭಾರ, ಅದೇ ಹೊತ್ತು, ಅದೇ ಮೂರು ಸಲ. 1 ನಿಮಿಷ 57 ಸೆಕೆಂಡ್. ನಿಮಿಷಕ್ಕೆ 513 ಅಡಿ. ಉಳಿದ ಹನ್ನೆರಡು ಅಡಿಯನ್ನು ನಾನು ಎಂಜಿನ್ನಿನ ವಯಸ್ಸಿಗೆ ಬಿಟ್ಟುಕೊಟ್ಟೆ.

ಪಾಲುದಾರರು ತೀರ್ಮಾನ ಮಾಡಿದ್ದು ಹೀಗೆ. ಮೂವರು ಹೋಗುವ ದಿನ ಟ್ಯಾಂಕ್ ಭರ್ತಿ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆ ಮೇಲೆ ಮೂವರೂ ಒಟ್ಟಿಗೆ ಇಲ್ಲ. ಚಕ್ರದ ಕವಚ, ರೆಕ್ಕೆಯ ತುದಿ ಬೇಡ. 53 ಇಂಚಿನ ಪ್ರೊಪೆಲ್ಲರ್ ಯೋಚನೆ ಮಾತ್ರ ಜೀವಂತ ಇದೆ. ಈಗಿರುವುದು ಓವರ್‌ಹಾಲ್‌ಗೆ ಬಂದಾಗ ನೋಡೋಣ ಅಂದಿದ್ದಾರೆ. ನನ್ನ ಅಭಿಪ್ರಾಯವೂ ಅದೇ. ನಮ್ಮ ಎತ್ತರಕ್ಕೆ, ನಮ್ಮ ಬಿಸಿಲಿಗೆ ಅದು ಹೊಂದುತ್ತೆ, ಐದು ನಾಟ್ ಕಳೆದುಕೊಂಡು ಈ ಮೂವರು ಯಾವ ಮುಹೂರ್ತವನ್ನೂ ತಪ್ಪಿಸಿಕೊಳ್ಳಲ್ಲ. ವೋರ್ಟೆಕ್ಸ್ ಜನರೇಟರಿನ ಬ್ರೋಶರ್ ಮಾತ್ರ ಫೋಲ್ಡರಿನಿಂದ ಮಾಯವಾಗಿತ್ತು. ಮಂಡಿಯ ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ ಕಂಡೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೋದ ತಿಂಗಳು ಮಂಡಿಗೆ ಹೋದಾಗ ಅವರು ಹಾರಲು ಹೊರಟಿದ್ದರು. ಕಾರಿನ ಕೀ ಕೈಯಲ್ಲಿ, ಬ್ಯಾಗು ಹೆಗಲಲ್ಲಿ. ಗೇಟಿನ ತನಕ ಹೋದವರು ವಾಪಸ್ ಬಂದು ತೂಕದ ಯಂತ್ರ ಹತ್ತಿದರು. ಹುಡುಗ ಕೂಗಿದ, "ಅಣ್ಣಾ, ನೂರಾ ನಾಲ್ಕು!"

"ಬ್ಯಾಗ್ ಸೇರಿ ಕಣೋ" ಅಂದು ಭಾವ ಬ್ಯಾಗು ಕೆಳಗಿಟ್ಟರು. ಯಂತ್ರದ ಕೆಂಪು ಅಂಕಿ ಮಿನುಗಿ ನಿಂತಿತು.

"ತೊಂಬತ್ತೇಳು."

"ಬರಕೋ" ಅಂದರು.